ಹೂಬೀದಿಗಳ ಶಿಲ್ಪಿ

ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರು 1865ರಲ್ಲಿ ಜರ್ಮನಿಯಲ್ಲಿ ಜನಿಸಿದರು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡ ಸಂಸ್ಥಾನಕ್ಕೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1908ರಲ್ಲಿ, ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತರು.

ಅವರ ಕಾರ್ಯ ತೋಟದ ಬೇಲಿಯೊಳಗೆ ನಿಲ್ಲಲಿಲ್ಲ. ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ಅರಮನೆಯ ಸೊಬಗು ದಾರಿಹೋಕನಿಗೂ ದಕ್ಕಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರೆಂಬ ಕಾರಣಕ್ಕೆ ಅವರು ಬಂಧನಕ್ಕೊಳಗಾದರು. ಆದರೂ ಈ ನಾಡನ್ನು ತೊರೆಯಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿಯೇ ನಿಧನ ಹೊಂದಿದರು.

ಸುಡುಬಿಸಿಲಿನ ಕಲಬುರಗಿಯ ಬೀದಿಗಳಿಗೂ ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಹಾದಿಗೂ ಇಂತಹ ಸಾಲುಮರಗಳು ಬೇಕು. ನೆಟ್ಟವರ ನಾಡು ಯಾವುದೇ ಇರಲಿ, ಮರದ ನೆರಳು ಊರಿಗೆಲ್ಲ ಸೇರಿದ್ದು.