ಸೂರ್ಯನ ಪಕ್ಕದಲ್ಲಿ ಅಡಗಿರುವ ಗ್ರಹ ಇದೆಯೇ? ನೆಪ್ಚೂನ್ ಹುಡುಕಿಕೊಟ್ಟ ಗಣಿತಜ್ಞ ಎಡವಿದ ಕಥೆ

ಸೂರ್ಯನ ಪ್ರಖರ ಬೆಳಕಿನ ಮರೆಯಲ್ಲಿ ಒಂದು ಗ್ರಹ ಅಡಗಿದೆ, ಅದು ಭೂಮಿಯತ್ತ ಬರುತ್ತಿದೆ, ವಿಜ್ಞಾನಿಗಳು ವಿಷಯ ಮುಚ್ಚಿಡುತ್ತಿದ್ದಾರೆ. ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. 2012ರಲ್ಲಿ ನಿಬಿರು ಎಂಬ ಹೆಸರಿನಲ್ಲಿ ಇದೇ ಸುದ್ದಿ ಜಗತ್ತನ್ನೆಲ್ಲ ಸುತ್ತಿತ್ತು. ಆ ವರ್ಷ ಕಳೆಯಿತು, ಯಾವ ಗ್ರಹವೂ ಬರಲಿಲ್ಲ.

ಆದರೆ ಸೂರ್ಯನ ಪಕ್ಕದಲ್ಲಿ ಕಾಣದ ಗ್ರಹವಿದೆ ಎಂಬ ಮಾತನ್ನು ಹಿಂದೊಮ್ಮೆ ಹೇಳಿದ್ದು ಆ ಕಾಲದ ಅತ್ಯಂತ ಹೆಸರುವಾಸಿ ಖಗೋಳ ವಿಜ್ಞಾನಿ, ಫ್ರಾನ್ಸಿನ ಉರ್ಬೇನ್ ಲೆ ವೆರಿಯೆ. ಅವರ ಬದುಕಿನ ಕಥೆ ತಿಳಿದರೆ ಇಂಥ ಸಂದೇಶಗಳನ್ನು ಹೇಗೆ ಅಳೆಯಬೇಕು ಎಂಬುದೂ ತಿಳಿಯುತ್ತದೆ.

ಮನೆ ಮಾರಿ ಓದಿಸಿದ ಅಪ್ಪ

ಲೆ ವೆರಿಯೆ ಹುಟ್ಟಿದ್ದು 1811ರ ಮಾರ್ಚ್ 11ರಂದು, ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಸೇಂಟ್ ಲೋ ಎಂಬ ಊರಿನಲ್ಲಿ. ತಂದೆ ಸರ್ಕಾರದ ಸಾಮಾನ್ಯ ನೌಕರ. ಮಗನನ್ನು ಪ್ಯಾರಿಸ್‌ನಲ್ಲಿ ಓದಿಸಲು ಅವರು ಇದ್ದ ಮನೆಯನ್ನೇ ಮಾರಿದರು. ಮಗ ಪ್ರಸಿದ್ಧ ಎಕೋಲ್ ಪಾಲಿಟೆಕ್ನಿಕ್ ಸೇರಿದ. ಮೊದಲು ಒಲವಿದ್ದದ್ದು ರಸಾಯನ ವಿಜ್ಞಾನದ ಕಡೆಗೆ. 1837ರಲ್ಲಿ ಅಲ್ಲಿಯೇ ಖಗೋಳ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿದಾಗ ದಾರಿ ಬದಲಾಯಿತು.

ಅವರ ಮುಖ್ಯ ಸಲಕರಣೆ ದೂರದರ್ಶಕವಲ್ಲ, ಕಾಗದ ಮತ್ತು ಲೇಖನಿ. ಗ್ರಹಗಳು ಒಂದನ್ನೊಂದು ಎಷ್ಟು ಎಳೆಯುತ್ತವೆ, ಅದರಿಂದ ಅವುಗಳ ದಾರಿ ಎಷ್ಟು ವಾಲುತ್ತದೆ ಎಂದು ಪುಟಗಟ್ಟಲೆ ಲೆಕ್ಕ ಹಾಕುವುದೇ ಅವರ ಕೆಲಸವಾಗಿತ್ತು.

ಕಾಗದದ ಮೇಲೆ ಸಿಕ್ಕ ಗ್ರಹ

ಆಗ ಯುರೇನಸ್ ಗ್ರಹ ಲೆಕ್ಕ ಹಾಕಿದ ಜಾಗದಲ್ಲಿ ಕಾಣುತ್ತಿರಲಿಲ್ಲ. ಅದರಾಚೆ ಇನ್ನೊಂದು ಗ್ರಹವಿದ್ದು ಅದನ್ನು ಎಳೆಯುತ್ತಿರಬೇಕು ಎಂದು ಲೆ ವೆರಿಯೆ ಊಹಿಸಿದರು. ಆ ಗ್ರಹ ಆಕಾಶದ ಯಾವ ಭಾಗದಲ್ಲಿ ಇರಬೇಕೆಂದು ಲೆಕ್ಕ ಹಾಕಿ ಬರ್ಲಿನ್ ವೀಕ್ಷಣಾಲಯದ ಯೋಹಾನ್ ಗಾಲೆ ಅವರಿಗೆ ಪತ್ರ ಬರೆದರು. 1846ರ ಸೆಪ್ಟೆಂಬರ್ 23ರಂದು ಪತ್ರ ತಲುಪಿತು. ಅದೇ ರಾತ್ರಿ ಗಾಲೆ ಮತ್ತು ಅವರ ಜೊತೆಗಾರ ದಾರೆಸ್ಟ್ ದೂರದರ್ಶಕವನ್ನು ಅತ್ತ ತಿರುಗಿಸಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ಹೊಸ ಗ್ರಹ ಸಿಕ್ಕಿತು. ಅದೇ ನೆಪ್ಚೂನ್.

ಇಂಗ್ಲೆಂಡಿನ ಜಾನ್ ಕೌಚ್ ಆಡಮ್ಸ್ ಕೂಡ ಇಂಥದೇ ಲೆಕ್ಕ ಹಾಕಿದ್ದರಿಂದ ಕೀರ್ತಿ ಯಾರಿಗೆ ಸಲ್ಲಬೇಕೆಂದು ಎರಡು ದೇಶಗಳ ನಡುವೆ ಜಗಳವೇ ನಡೆಯಿತು. ಅದೇನೇ ಇರಲಿ, 35ನೇ ವಯಸ್ಸಿಗೆ ಲೆ ವೆರಿಯೆ ಯೂರೋಪಿನಲ್ಲೆಲ್ಲ ಮನೆಮಾತಾದರು.

1854ರಲ್ಲಿ ಅವರು ಪ್ಯಾರಿಸ್ ವೀಕ್ಷಣಾಲಯದ ಮುಖ್ಯಸ್ಥರಾದರು. ಅದೇ ನವೆಂಬರ್‌ನಲ್ಲಿ ಕ್ರಿಮಿಯಾ ಯುದ್ಧದ ವೇಳೆ ಕಪ್ಪು ಸಮುದ್ರದ ಬಿರುಗಾಳಿಗೆ ಹಡಗುಗಳು ಮುಳುಗಿದವು. ಸರ್ಕಾರ ಇದರ ತನಿಖೆಯನ್ನು ಲೆ ವೆರಿಯೆ ಅವರಿಗೆ ವಹಿಸಿತು. ಬಿರುಗಾಳಿ ಯೂರೋಪನ್ನು ದಾಟಿಕೊಂಡು ಬಂದಿತ್ತು, ತಂತಿ ಮೂಲಕ ಮೊದಲೇ ಎಚ್ಚರಿಸಬಹುದಿತ್ತು ಎಂದು ಅವರು ತೋರಿಸಿಕೊಟ್ಟರು. ಹವಾಮಾನ ಮಾಹಿತಿಯನ್ನು ತಂತಿಯಲ್ಲಿ ಸಂಗ್ರಹಿಸುವ ಜಾಲ ಕಟ್ಟಿದವರಲ್ಲಿ ಅವರೂ ಪ್ರಮುಖರು.

ಬುಧನ ಲೆಕ್ಕ ಯಾಕೆ ತಪ್ಪುತ್ತಿತ್ತು?

ಬುಧನ ಕಕ್ಷೆ ಪೂರ್ಣ ವೃತ್ತವಲ್ಲ. ಅದು ಸೂರ್ಯನಿಗೆ ಅತಿ ಹತ್ತಿರ ಬರುವ ಜಾಗ ಪ್ರತಿ ಸುತ್ತಿನಲ್ಲೂ ತುಸು ಮುಂದೆ ಸರಿಯುತ್ತದೆ. ಬಹುಪಾಲು ಸರಿತಕ್ಕೆ ಬೇರೆ ಗ್ರಹಗಳ ಎಳೆತವೇ ಕಾರಣ. ಆದರೆ ಅದನ್ನೆಲ್ಲ ಕಳೆದ ಮೇಲೂ ನೂರು ವರ್ಷಕ್ಕೆ 38 ಆರ್ಕ್‌ಸೆಕೆಂಡ್ ಉಳಿಯುತ್ತದೆ ಎಂದು 1859ರಲ್ಲಿ ಲೆ ವೆರಿಯೆ ಪ್ರಕಟಿಸಿದರು. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಒಂದು ಪಾಲೇ ಒಂದು ಆರ್ಕ್‌ಸೆಕೆಂಡ್. ಇಷ್ಟು ಸಣ್ಣ ವ್ಯತ್ಯಾಸವನ್ನೂ ಅವರು ಬಿಡಲಿಲ್ಲ.

ಯುರೇನಸ್‌ಗೆ ಫಲಿಸಿದ ಉಪಾಯವನ್ನೇ ಇಲ್ಲೂ ಬಳಸಿದರು. ಬುಧನಿಗಿಂತ ಒಳಗೆ ಏನೋ ಇರಬೇಕು. ದೊಡ್ಡ ಗ್ರಹವಾಗಿದ್ದರೆ ಗ್ರಹಣದ ಹೊತ್ತಿನಲ್ಲಾದರೂ ಕಾಣಬೇಕಿತ್ತು. ಹಾಗಾಗಿ ಅಲ್ಲಿರುವುದು ಸಣ್ಣ ಸಣ್ಣ ಕ್ಷುದ್ರಗ್ರಹಗಳ ಗುಂಪು ಎಂಬುದು ಅವರ ಮೊದಲ ಅಂದಾಜು.

ಹಳ್ಳಿಯ ವೈದ್ಯರ ಕಪ್ಪು ಚುಕ್ಕೆ

ಅಷ್ಟರಲ್ಲಿ ಓರ್ಜೆರ್ ಎಂಬ ಸಣ್ಣ ಊರಿನ ವೈದ್ಯ ಲೆಸ್ಕಾರ್ಬೊ ಅವರಿಂದ ಪತ್ರ ಬಂತು. 1859ರ ಮಾರ್ಚ್ 26ರಂದು ಸೂರ್ಯನ ಮುಂದೆ ದುಂಡಗಿನ ಕಪ್ಪು ಚುಕ್ಕೆಯೊಂದು ಹಾದುಹೋಗಿದ್ದನ್ನು ಅವರು ಕಂಡಿದ್ದರಂತೆ. ವರ್ಷದ ಕೊನೆಯಲ್ಲಿ ಲೆ ವೆರಿಯೆ ಮುನ್ಸೂಚನೆ ಕೊಡದೆ ಅವರ ಮನೆಗೇ ಹೋಗಿ ಒಂದೊಂದನ್ನೂ ಕೆದಕಿ ಕೇಳಿದರು. ವೈದ್ಯರು ಸೆಕೆಂಡು ಎಣಿಸಲು ದಾರಕ್ಕೆ ಕಟ್ಟಿದ ದಂತದ ಗುಂಡನ್ನು ಬಳಸುತ್ತಿದ್ದರು. ಲೆಕ್ಕ ಬರೆಯುತ್ತಿದ್ದದ್ದು ಮರದ ಹಲಗೆಯ ಮೇಲೆ. ಹಲಗೆ ತುಂಬಿದರೆ ಉಜ್ಜುಗೊರಡು ಹಿಡಿದು ಕೆರೆದುಬಿಡುತ್ತಿದ್ದರು!

ಆದರೂ ಲೆ ವೆರಿಯೆ ನಂಬಿದರು. ಹೊಸ ಗ್ರಹಕ್ಕೆ ವಲ್ಕನ್ ಎಂಬ ಹೆಸರು ಬಂತು. ಅದು ಸೂರ್ಯನಿಂದ ಸುಮಾರು 2.1 ಕೋಟಿ ಕಿ.ಮೀ. ದೂರದಲ್ಲಿ, 20 ದಿನಕ್ಕೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ಹಾಕುತ್ತದೆಂದು ಲೆಕ್ಕ ಹಾಕಲಾಯಿತು. ವೈದ್ಯರಿಗೆ ಫ್ರಾನ್ಸಿನ ದೊಡ್ಡ ಗೌರವವಾದ ಲೀಜನ್ ಆಫ್ ಆನರ್ ಕೂಡ ಸಿಕ್ಕಿತು. ಆದರೆ ಅದೇ ದಿನ, ಅದೇ ಹೊತ್ತಿನಲ್ಲಿ ಬ್ರೆಜಿಲ್‌ನಲ್ಲಿ ಸೂರ್ಯನನ್ನು ಗಮನಿಸುತ್ತಿದ್ದ ಎಮ್ಯಾನುಯೆಲ್ ಲಿಯೇ ತಮಗೆ ಅಂಥ ಚುಕ್ಕೆ ಕಾಣಲೇ ಇಲ್ಲ ಎಂದು ತಿಳಿಸಿದರು. ಆ ಮಾತಿಗೆ ಅಷ್ಟು ಬೆಲೆ ಸಿಗಲಿಲ್ಲ.

ಕೊನೆಯವರೆಗೂ ಬಿಡದ ನಂಬಿಕೆ

ಮುಂದೆ ಹಲವರು ವಲ್ಕನ್ ಕಂಡೆವೆಂದರು. 1876ರಲ್ಲಿ ಹಾಗೆ ಕಂಡ ಚುಕ್ಕೆಯೊಂದು ಬರೀ ಸೂರ್ಯಕಲೆ ಎಂದು ಗ್ರೀನಿಚ್ ವೀಕ್ಷಣಾಲಯದ ಫೋಟೊ ತೋರಿಸಿಕೊಟ್ಟಿತು. 1877ರ ಮಾರ್ಚ್ 22ರಂದು ವಲ್ಕನ್ ಸೂರ್ಯನ ಮುಂದೆ ಹಾದುಹೋಗಬಹುದು ಎಂದು ಲೆ ವೆರಿಯೆ ತಿಳಿಸಿದ್ದರು. ಹಲವು ದೇಶಗಳಲ್ಲಿ ಕಾದು ಕುಳಿತರು, ಏನೂ ಕಾಣಲಿಲ್ಲ.

ಲೆ ವೆರಿಯೆ ಅವರ ಸ್ವಭಾವ ಕಟು. ಜೊತೆಗೆ ಕೆಲಸ ಮಾಡುವವರೆಲ್ಲ ಬೇಸತ್ತಿದ್ದರಿಂದ 1870ರಲ್ಲಿ ಅವರನ್ನು ಹುದ್ದೆಯಿಂದ ತೆಗೆದಿದ್ದರು. ಅವರ ಜಾಗಕ್ಕೆ ಬಂದ ಡೆಲೋನೆ ದೋಣಿ ಅಪಘಾತದಲ್ಲಿ ತೀರಿಕೊಂಡ ಮೇಲೆ 1873ರಲ್ಲಿ ಮತ್ತೆ ಕರೆಸಿದರು. 1877ರ ಸೆಪ್ಟೆಂಬರ್ 23ರಂದು, ನೆಪ್ಚೂನ್ ಸಿಕ್ಕಿ ಸರಿಯಾಗಿ 31 ವರ್ಷ ತುಂಬಿದ ದಿನ, ಅವರು ಕಣ್ಣು ಮುಚ್ಚಿದರು. ವಲ್ಕನ್ ಮೇಲಿನ ನಂಬಿಕೆ ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಹಾಗಾದರೆ ತಪ್ಪಿದ್ದೆಲ್ಲಿ?

ಲೆಕ್ಕ ತಪ್ಪಿರಲಿಲ್ಲ. ಬುಧ ನಿಜಕ್ಕೂ ಹೆಚ್ಚಾಗಿ ಸರಿಯುತ್ತಿತ್ತು, ಮುಂದೆ ಆ ಅಂಕಿ 43 ಆರ್ಕ್‌ಸೆಕೆಂಡ್ ಎಂದು ಇನ್ನೂ ನಿಖರವಾಯಿತು. 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ತಮ್ಮ ಹೊಸ ಗುರುತ್ವ ಸಿದ್ಧಾಂತದಿಂದ ಲೆಕ್ಕ ಹಾಕಿದಾಗ ಉತ್ತರವಾಗಿ ಅದೇ 43 ಬಂತು. ಸೂರ್ಯನ ಅಷ್ಟು ಹತ್ತಿರದಲ್ಲಿ ನ್ಯೂಟನ್ನರ ನಿಯಮ ತುಸು ಸಾಲದಾಗುತ್ತದೆ. ಎಳೆಯಲು ಕಾಣದ ಗ್ರಹವೇ ಬೇಕಿರಲಿಲ್ಲ.

ಲೆ ವೆರಿಯೆ ಊಹಿಸಿದ್ದ ಕ್ಷುದ್ರಗ್ರಹಗಳು? ಬುಧನ ಕಕ್ಷೆಯೊಳಗೇ ಸುತ್ತುವ ಇಂಥ ಕಲ್ಲುಗಳಿಗೆ ವಲ್ಕನಾಯ್ಡ್ ಎಂಬ ಹೆಸರಿದೆ, ಆದರೆ ಒಂದೂ ಸಿಕ್ಕಿಲ್ಲ. ನಾಸಾದ ಸ್ಟೀರಿಯೊ ನೌಕೆಗಳ ಚಿತ್ರಗಳನ್ನು ಜಾಲಾಡಿದವರು 5.7 ಕಿ.ಮೀ.ಗಿಂತ ದೊಡ್ಡದು ಅಲ್ಲಿಲ್ಲ ಎಂದು 2013ರಲ್ಲಿ ತಿಳಿಸಿದರು.

ಆ ಭಾಗಕ್ಕೆ ಬಂದು ಹೋಗುವ ಕಲ್ಲುಗಳು ಮಾತ್ರ ಇವೆ. 2021ರ ಆಗಸ್ಟ್‌ನಲ್ಲಿ ಚಿಲಿ ದೇಶದ ದೂರದರ್ಶಕದಿಂದ ಪತ್ತೆಯಾದ 2021 ಪಿಎಚ್27 ಎಂಬ ಕ್ಷುದ್ರಗ್ರಹದ ಗಾತ್ರ ಸುಮಾರು ಒಂದು ಕಿ.ಮೀ. 113 ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುವ ಅದು ಸೂರ್ಯನಿಂದ ಸುಮಾರು 2 ಕೋಟಿ ಕಿ.ಮೀ.ವರೆಗೂ ಹೋಗಿ ಬರುತ್ತದೆ. ಅಂದರೆ ಸರಿಸುಮಾರು ವಲ್ಕನ್ ಇರಬೇಕಿದ್ದ ದೂರ! ಐನ್‌ಸ್ಟೈನ್ ಸಿದ್ಧಾಂತದ ಪ್ರಕಾರ ಅದರ ಕಕ್ಷೆ ಬುಧನಿಗಿಂತಲೂ ಹೆಚ್ಚು, ನೂರು ವರ್ಷಕ್ಕೆ ಸುಮಾರು 53 ಆರ್ಕ್‌ಸೆಕೆಂಡ್ ಸರಿಯುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಸೂರ್ಯನ ಬಳಿ ಇರುವ ಕಲ್ಲುಗಳನ್ನು ಹುಡುಕುವುದು ಕಷ್ಟ ಎಂಬುದು ನಿಜ. ಮುಂಜಾನೆ ಅಥವಾ ಮುಸ್ಸಂಜೆಯ ಕೆಲವೇ ನಿಮಿಷ ಅವಕಾಶ ಸಿಗುತ್ತದೆ. ಆದರೆ ಒಂದು ಕಿ.ಮೀ. ಕಲ್ಲೇ ಸಿಕ್ಕಿಬೀಳುವಾಗ ಇಡೀ ಗ್ರಹವೊಂದು ಅಡಗಿ ಕೂರಲು ಸಾಧ್ಯವಿಲ್ಲ. ಅದು ಬುಧ, ಶುಕ್ರ, ಭೂಮಿಯ ಕಕ್ಷೆಗಳನ್ನು ಎಳೆದು ತನ್ನ ಸುಳಿವು ತಾನೇ ಕೊಡುತ್ತದೆ. ಮೊಬೈಲ್ ಫೋಟೊದಲ್ಲಿ ಸೂರ್ಯನ ಪಕ್ಕ ಕಾಣುವ ಎರಡನೇ ಬೆಳಕು ಬಹುತೇಕ ಲೆನ್ಸಿನ ಪ್ರತಿಫಲನ. ಫೋನ್ ಅಲುಗಿಸಿದರೆ ಅದೂ ಜಾಗ ಬದಲಿಸುತ್ತದೆ. ಪರೀಕ್ಷಿಸಲೆಂದು ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ, ಕಣ್ಣಿಗೆ ಅಪಾಯ.

ನೆಪ್ಚೂನ್ ಇದೆ ಎಂದು ನಾವು ಒಪ್ಪುವುದು ಲೆ ವೆರಿಯೆ ದೊಡ್ಡವರು ಎಂಬ ಕಾರಣಕ್ಕಲ್ಲ. ಹೇಳಿದ ಜಾಗದಲ್ಲಿ ಬೇರೆಯವರು ನೋಡಿದಾಗಲೂ ಅದು ಕಂಡಿತು. ವಲ್ಕನ್ ಕಾಣಲಿಲ್ಲ, ಆದ್ದರಿಂದ ಅದೇ ದೊಡ್ಡವರ ಮಾತನ್ನೂ ವಿಜ್ಞಾನ ಕೈಬಿಟ್ಟಿತು. ಮುಂದಿನ ಬಾರಿ ಇಂಥ ಸಂದೇಶ ಬಂದಾಗ ಎರಡೇ ಪ್ರಶ್ನೆ ಕೇಳಿ: ಎಲ್ಲಿ, ಯಾವಾಗ ಕಾಣುತ್ತದೆ ಎಂದು ಹೇಳಿದ್ದಾರೆಯೇ? ಬೇರೆ ಯಾರಾದರೂ ಸ್ವತಂತ್ರವಾಗಿ ನೋಡಿದ್ದಾರೆಯೇ? ಎರಡಕ್ಕೂ ಉತ್ತರವಿಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.