ಶ್ರೀಮತಿ ತ್ರಿವೇಣಿ (ಅನಸೂಯಾ ಶಂಕರ್) ಅವರ ಜೀವನ ಪರಿಚಯ

ಕನ್ನಡ ಕಾದಂಬರಿ ಕ್ಷೇತ್ರದಲ್ಲಿ ತ್ರಿವೇಣಿ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಶ್ರೀಮತಿ ಅನಸೂಯಾ ಶಂಕರ್ ಅವರು ಸಾಹಿತ್ಯ ರಚನೆಯಲ್ಲಿ ತೊಡಗಿದ್ದ ಅವಧಿಯು ಸುಮಾರು ಹತ್ತು ವರ್ಷಗಳು ಮಾತ್ರ. 1953ರಲ್ಲಿ ಅವರ ಮೊದಲ ಕಾದಂಬರಿ ಪ್ರಕಟವಾಯಿತು. 1963ರಲ್ಲಿ ಅವರು ನಿಧನ ಹೊಂದಿದರು. ಈ ಅಲ್ಪಾವಧಿಯಲ್ಲಿ ಸುಮಾರು 20 ಕಾದಂಬರಿಗಳನ್ನೂ 3 ಕಥಾಸಂಕಲನಗಳನ್ನೂ ರಚಿಸಿದರು. ಸ್ವಾತಂತ್ರ್ಯಾನಂತರದ ಕನ್ನಡ ಕುಟುಂಬದಲ್ಲಿ ಹೆಣ್ಣಿನ ಸ್ಥಾನಮಾನವನ್ನು, ಅದರಲ್ಲಿಯೂ ಆಕೆಯ ಮಾನಸಿಕ ಆರೋಗ್ಯವನ್ನು, ಮನೆಯ ಒಳಗಿನಿಂದಲೇ ಪರಿಶೀಲಿಸಿದ ಲೇಖಕಿಯರಲ್ಲಿ ಇವರು ಅಗ್ರಗಣ್ಯರು.

ಜನನ ಮತ್ತು ವಿದ್ಯಾಭ್ಯಾಸ

ತ್ರಿವೇಣಿಯವರು ದಿನಾಂಕ 1-9-1928ರಂದು ಮಂಡ್ಯದಲ್ಲಿ ಜನಿಸಿದರು. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಮನೆಯವರು ಇಟ್ಟ ಹೆಸರು ಭಾಗೀರಥಿ. ಶಾಲೆಯಲ್ಲಿ ಅನಸೂಯಾ ಎಂದಾಯಿತು. ಕನ್ನಡ ನವೋದಯದ ಆಚಾರ್ಯ ಪುರುಷರೆಂದು ಗೌರವಿಸಲ್ಪಡುವ ಬಿ.ಎಂ. ಶ್ರೀಕಂಠಯ್ಯನವರು ಇವರಿಗೆ ದೊಡ್ಡಪ್ಪನವರಾಗಬೇಕು. ಇವರ ತಂಗಿ ಆರ್ಯಾಂಬ ಪಟ್ಟಾಭಿಯವರೂ ಮುಂದೆ ಕಾದಂಬರಿಗಾರ್ತಿಯಾಗಿ ಹೆಸರು ಪಡೆದರು.

1947ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಬಿ.ಎ. ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ಅವರು ವಿಶೇಷವಾಗಿ ಅಭ್ಯಾಸ ಮಾಡಿದ ವಿಷಯ ಮನಃಶಾಸ್ತ್ರ. ಅವರ ಬರವಣಿಗೆಯ ಬುನಾದಿ ಇಲ್ಲಿಯೇ ಇದೆಯೆಂದು ಹೇಳಬಹುದು. ಕೆಲಕಾಲ ಮಂಡ್ಯದಲ್ಲಿ ಅಧ್ಯಾಪಕಿಯಾಗಿದ್ದು, ನಂತರ ಮೈಸೂರಿನ ಶಾರದಾ ವಿಲಾಸ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ವಿವಾಹವಾಗಿ ಮೈಸೂರಿನಲ್ಲಿ ನೆಲೆಸಿದರು.

ಬರವಣಿಗೆಯ ಹಿನ್ನೆಲೆ

ಇವರಿಗಿಂತ ಮುಂಚೆ ಕನ್ನಡದಲ್ಲಿ ಲೇಖಕಿಯರು ಇರಲಿಲ್ಲವೆಂದಲ್ಲ. ನಂಜನಗೂಡು ತಿರುಮಲಾಂಬಾ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಸ್ವತಃ ಪುಸ್ತಕಗಳನ್ನು ಬರೆದು ಪ್ರಕಟಿಸಿದ್ದರು. ಕೊಡಗಿನ ಗೌರಮ್ಮನವರು 1939ರಲ್ಲಿ ಅಕಾಲ ಮರಣಕ್ಕೆ ತುತ್ತಾಗುವ ಮುನ್ನ ಅತ್ಯುತ್ತಮ ಸಣ್ಣಕಥೆಗಳನ್ನು ರಚಿಸಿದ್ದರು. ಆದರೆ ತ್ರಿವೇಣಿಯವರು ಬರೆಯಲು ಕುಳಿತ ಕಾಲವೇ ಬೇರೆಯಾಗಿತ್ತು. ದೇಶವು ಸ್ವತಂತ್ರವಾಗಿತ್ತು, ಸಂವಿಧಾನವು ಜಾರಿಗೆ ಬಂದಿತ್ತು. 1955ರ ಹಿಂದೂ ವಿವಾಹ ಕಾಯ್ದೆಯು ಹೆಂಡತಿ ಜೀವಂತವಿರುವಾಗ ಗಂಡನು ಮತ್ತೊಂದು ಮದುವೆಯಾಗುವುದನ್ನು ನಿಷೇಧಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳನ್ನೂ ಮಗನೊಂದಿಗೆ ಸಮಾನ ವಾರಸುದಾರಳೆಂದು ಮಾನ್ಯ ಮಾಡಿತು. ಮೈಸೂರು ಸಂಸ್ಥಾನದಲ್ಲಂತೂ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ 1933ರಷ್ಟು ಹಿಂದೆಯೇ ಒಂದು ಕಾಯ್ದೆ ಬಂದಿತ್ತು.

ಕಾಗದದ ಮೇಲೆ ಇಷ್ಟೆಲ್ಲ ಆದ ಮೇಲೂ ಮನೆಯ ಹಜಾರದಲ್ಲಿ ಮತ್ತು ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತೆಂಬುದೇ ತ್ರಿವೇಣಿಯವರ ಕಾದಂಬರಿಗಳ ವಸ್ತು. ವಸಾಹತೋತ್ತರ ಸ್ತ್ರೀವಾದವೆಂದು ಇಂದು ವಿಶ್ವವಿದ್ಯಾಲಯಗಳಲ್ಲಿ ಬೋಧಿಸಲಾಗುವ ವಿಚಾರವೂ ಬಹುಮಟ್ಟಿಗೆ ಇದೇ ಆಗಿರುತ್ತದೆ. ಪರಕೀಯ ಆಳ್ವಿಕೆ ಕೊನೆಗೊಂಡರೂ ಕುಟುಂಬದೊಳಗಿನ ಆಳ್ವಿಕೆ ತಾನಾಗಿ ಬದಲಾಗುವುದಿಲ್ಲ. ಸಂಪ್ರದಾಯವನ್ನು ಕಾಯುವ ಹೊಣೆ ಹೆಣ್ಣಿನ ಹೆಗಲ ಮೇಲೆಯೇ ಉಳಿಯುತ್ತದೆ. ತ್ರಿವೇಣಿಯವರು ಯಾವ ವಾದದ ಹೆಸರನ್ನೂ ಹೇಳಿಕೊಂಡವರಲ್ಲ. ಸರಳವಾದ ಗದ್ಯದಲ್ಲಿ ಕಥೆ ಹೇಳಿದರು, ಅಷ್ಟೆ.

ಬೆಳ್ಳಿಮೋಡ ಕಾದಂಬರಿಯನ್ನು ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೂ ಅದರ ತಿರುಳು ತಿಳಿಯುತ್ತದೆ. ಇಂದಿರಾ ಶ್ರೀಮಂತ ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಆಕೆಯೊಂದಿಗೆ ನಿಶ್ಚಿತಾರ್ಥವಾದ ಮೋಹನನು ಭಾವೀ ಮಾವನ ಹಣದಿಂದ ವಿದೇಶದಲ್ಲಿ ವ್ಯಾಸಂಗ ಮಾಡುತ್ತಾನೆ. ಅಷ್ಟರಲ್ಲಿ ಇಂದಿರಾಳಿಗೆ ತಮ್ಮನೊಬ್ಬ ಹುಟ್ಟುತ್ತಾನೆ. ಹೆತ್ತ ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿಯು ಗಂಡುಮಗುವಿಗೆ ಹೋಗುವುದೆಂದು ತಿಳಿದ ಕೂಡಲೇ ಮೋಹನನ ಪ್ರೀತಿ ಕರಗುತ್ತದೆ. ಮುಂದೆ ಅವನು ಪೆಟ್ಟು ತಿಂದು ಮಲಗಿದಾಗ ಇಂದಿರಾ ಅವನ ಶುಶ್ರೂಷೆ ಮಾಡುತ್ತಾಳೆ. ಅವನು ಮನಸ್ಸು ಬದಲಿಸಿ ಮದುವೆಗೆ ಮುಂದಾದಾಗ ನಿರಾಕರಿಸುತ್ತಾಳೆ. ಅಂದಿನ ಓದುಗರಿಗೆ ಇದು ಸಣ್ಣ ಆಘಾತವಾಗಿರಲಿಲ್ಲ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಜನ್ಮತಃ ಹಕ್ಕು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ ಎಂಬುದನ್ನು ಈ ಸಂದರ್ಭದಲ್ಲಿ ಗಮನಿಸಬಹುದಾಗಿದೆ.

ಹಣ್ಣೆಲೆ ಚಿಗುರಿದಾಗ ಕಾದಂಬರಿಯು ಎಳೆಯ ವಯಸ್ಸಿನ ವಿಧವೆಯ ಮರುವಿವಾಹದ ಪ್ರಶ್ನೆಯನ್ನು ಎತ್ತುತ್ತದೆ. ಹೂವು ಹಣ್ಣು ಕಾದಂಬರಿಯಲ್ಲಿ ಬಡತನದಿಂದ ಬೀದಿಗೆ ಬಿದ್ದ ತಾಯಿಯೊಬ್ಬಳ ಕಥೆಯಿದೆ. ಬೆಕ್ಕಿನ ಕಣ್ಣು ಕಾದಂಬರಿಯಲ್ಲಿ ಮಲತಾಯಿಯ ಹಿಂಸೆಯಿಂದ ನಲುಗಿದ ಹುಡುಗಿಯ ಮನಸ್ಸು ಹೇಗೆ ವಿಕಾರಗೊಳ್ಳುತ್ತದೆಂಬುದನ್ನು ಕಾಣಬಹುದು. ಇಲ್ಲಿ ಪೀಡಿಸುವವಳೂ ಹೆಣ್ಣೇ ಆಗಿರುವುದು ವಿಶೇಷ. ಗಂಡಸರನ್ನು ಮಾತ್ರ ದೋಷಿಗಳೆಂದು ತೋರಿಸಿ ಕೈತೊಳೆದುಕೊಳ್ಳುವ ಬರವಣಿಗೆ ಇವರದಲ್ಲ.

ಶರಪಂಜರ

ತ್ರಿವೇಣಿಯವರ ಕೃತಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಶರಪಂಜರ. ಸುಖಸಂಸಾರದ ಗೃಹಿಣಿ ಕಾವೇರಿಗೆ ಬಾಣಂತನದಲ್ಲಿ ಮನಸ್ಸಿನ ಕಾಯಿಲೆ ತಗಲುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಕಥೆಯ ನಿಜವಾದ ಸಂಕಟ ಆರಂಭವಾಗುವುದು ಈ ಮರಳುವಿಕೆಯ ನಂತರ. ಕಾಯಿಲೆಯು ಹೋಗಿದೆಯೆಂದು ವೈದ್ಯರು ಹೇಳಿದರೂ ಮನೆಯವರು ನಂಬುವುದಿಲ್ಲ, ನೆರೆಹೊರೆಯವರು ನಂಬುವುದಿಲ್ಲ. ಆಕೆ ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಗಂಡ ಸತೀಶ ಆಕೆಯಿಂದ ದೂರವಿರುತ್ತಾನೆ. ಅವನಿಗೆ ಪರಸ್ತ್ರೀಯ ಸಂಬಂಧವಿರುವುದು ಆಕೆಗೆ ತಿಳಿದಾಗ, ಔಷಧದಿಂದ ಗುಣವಾಗಿದ್ದ ಮನಸ್ಸು ಮತ್ತೆ ಒಡೆಯುತ್ತದೆ.

ಬಾಣಂತಿ ಸನ್ನಿಯೆಂದು ಹಳ್ಳಿಗಳಲ್ಲಿ ಕರೆಯುತ್ತಿದ್ದ ಸ್ಥಿತಿಯನ್ನು ಗಾಳಿ, ಗ್ರಹಚಾರಗಳ ಲೆಕ್ಕದಿಂದ ಹೊರತಂದು, ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆಯೆಂದು ಕಾದಂಬರಿಯ ಮೂಲಕ ಮನೆಮನೆಗೆ ತಿಳಿಸಿದ್ದು ಸಾಮಾನ್ಯ ಸಂಗತಿಯಲ್ಲ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1954ರಲ್ಲಿ ಸ್ಥಾಪನೆಯಾಗಿತ್ತು. ಅದೇ 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಭಾಗವಾಯಿತು. ಚಿಕಿತ್ಸೆಯ ವ್ಯವಸ್ಥೆ ಬೆಳೆಯುತ್ತಿದ್ದರೂ ಕಾನೂನು ಮಾತ್ರ ಬ್ರಿಟಿಷರ ಕಾಲದ್ದೇ ಆಗಿತ್ತು. 1912ರ ಭಾರತೀಯ ಹುಚ್ಚರ ಕಾಯ್ದೆಯನ್ನು ರದ್ದುಪಡಿಸಿದ್ದು 1987ರ ಮಾನಸಿಕ ಆರೋಗ್ಯ ಕಾಯ್ದೆ. ವಿವಾಹ ಕಾನೂನಿನಲ್ಲಿಯಾದರೋ 1955ರಲ್ಲಿ ವಾಸಿಯಾಗದ ಬುದ್ಧಿವಿಕಲತೆ ಮೂರು ವರ್ಷ ಸತತವಾಗಿ ಇದ್ದರೆ ಮಾತ್ರ ಆ ಕಾರಣದ ಮೇಲೆ ವಿಚ್ಛೇದನಕ್ಕೆ ಅವಕಾಶವಿತ್ತು. ಕಾವೇರಿಯಂತೆ ಗುಣಮುಖಳಾದವಳನ್ನು ಆ ಕಾರಣದಿಂದ ತ್ಯಜಿಸಲು ಕಾನೂನು ಗಂಡನಿಗೆ ಅನುಮತಿ ಕೊಡುತ್ತಿರಲಿಲ್ಲ. ಸತೀಶನು ಕೋರ್ಟಿಗೆ ಹೋಗಬೇಕಾದ ಅಗತ್ಯವೇ ಬೀಳಲಿಲ್ಲವೆಂಬುದು ಕಾದಂಬರಿಯ ಕಹಿಯಾದ ಅಂಶ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕೆಲವು ಪ್ರಕರಣಗಳನ್ನು ಓದುವಾಗ ಕಾವೇರಿಯ ನೆನಪಾಗದಿರದು. ಹಿಂದೆ ಚಿಕಿತ್ಸೆ ಪಡೆದಿದ್ದಾರೆಂಬ ಒಂದೇ ಕಾರಣದಿಂದ ಯಾರನ್ನೂ ಈಗಲೂ ಅಸ್ವಸ್ಥರೆಂದು ತೀರ್ಮಾನಿಸುವಂತಿಲ್ಲ. ಕುಟುಂಬದವರು ಸ್ವೀಕರಿಸುತ್ತಿಲ್ಲವೆಂಬ ಕಾರಣಕ್ಕೆ ಮಾತ್ರ ಯಾರನ್ನೂ ಆಸ್ಪತ್ರೆಯಲ್ಲಿಯೇ ಉಳಿಸಿಕೊಳ್ಳುವಂತಿಲ್ಲ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸತಕ್ಕದ್ದಲ್ಲ. ಕಾಯ್ದೆಯ ಭಾಷೆಯಲ್ಲಿ ಈ ಮಾತುಗಳು ಬರುವುದಕ್ಕೆ ಅರ್ಧ ಶತಮಾನಕ್ಕೂ ಮುಂಚೆ ಮೈಸೂರಿನ ಗೃಹಿಣಿಯೊಬ್ಬರು ಇದೇ ಸಮಸ್ಯೆಯನ್ನು ಕಾದಂಬರಿಯಾಗಿ ಬರೆದಿಟ್ಟಿದ್ದರು.

ವಿಮರ್ಶೆ ಮತ್ತು ಚಲನಚಿತ್ರ

ನವ್ಯ ಸಾಹಿತ್ಯ ಪ್ರಬಲವಾಗಿದ್ದ ದಿನಗಳಲ್ಲಿ ಲೇಖಕಿಯರ ಕಾದಂಬರಿಗಳನ್ನು ಅಡುಗೆಮನೆಯ ಸಾಹಿತ್ಯವೆಂದು ಲಘುವಾಗಿ ಕಾಣುವ ಪ್ರವೃತ್ತಿಯಿತ್ತು. ತ್ರಿವೇಣಿಯವರೂ ಇದಕ್ಕೆ ಹೊರತಾಗಲಿಲ್ಲ. ಅವರ ಕೆಲವು ಕೃತಿಗಳಲ್ಲಿ ಭಾವಾತಿರೇಕವೂ ಆಕಸ್ಮಿಕಗಳೂ ಹೆಚ್ಚೆಂಬ ಆಕ್ಷೇಪಣೆಯಲ್ಲಿ ಸ್ವಲ್ಪ ನಿಜಾಂಶವಿದೆ. ಆದರೆ ಬಾಡಿಗೆ ಪುಸ್ತಕದ ಅಂಗಡಿಗಳಿಂದ ಅವರ ಕಾದಂಬರಿಗಳನ್ನು ತರಿಸಿಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಓದುತ್ತಿದ್ದ ಮಹಿಳೆಯರು ವಿಮರ್ಶಕರ ಅಪ್ಪಣೆಗಾಗಿ ಕಾಯಲಿಲ್ಲ. ನಂತರದ ದಶಕಗಳಲ್ಲಿ ಸ್ತ್ರೀವಾದಿ ವಿಮರ್ಶೆ ಬೆಳೆದ ಮೇಲೆ ಆ ಅಡುಗೆಮನೆಯೇ ಅಧ್ಯಯನದ ವಿಷಯವಾಯಿತು.

ಅವರ ಕೃತಿಗಳು ಇನ್ನೂ ದೊಡ್ಡ ಜನಸಮೂಹವನ್ನು ತಲುಪಿದ್ದು ಚಲನಚಿತ್ರಗಳ ಮೂಲಕ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರು 1966ರಲ್ಲಿ ಬೆಕ್ಕಿನ ಕಣ್ಣು ಕಾದಂಬರಿಯನ್ನು ಮಲಯಾಳಂ ಭಾಷೆಯಲ್ಲಿ, 1967ರಲ್ಲಿ ಬೆಳ್ಳಿಮೋಡವನ್ನು ಕನ್ನಡದಲ್ಲಿ, 1970ರ ದಶಕದ ಆರಂಭದಲ್ಲಿ ಶರಪಂಜರವನ್ನು ತೆರೆಗೆ ತಂದರು. ಇಂದಿರಾ ಮತ್ತು ಕಾವೇರಿ ಎರಡೂ ಪಾತ್ರಗಳನ್ನು ನಟಿ ಕಲ್ಪನಾ ನಿರ್ವಹಿಸಿದರು. ಹಣ್ಣೆಲೆ ಚಿಗುರಿದಾಗ 1968ರಲ್ಲಿ, ಹೂವು ಹಣ್ಣು 1993ರಲ್ಲಿ ಚಿತ್ರಗಳಾದವು. ಇವುಗಳಲ್ಲಿ ಒಂದನ್ನೂ ನೋಡಲು ಲೇಖಕಿ ಬದುಕಿರಲಿಲ್ಲ.

ನಿಧನ

1963ರ ಜುಲೈ ತಿಂಗಳಿನಲ್ಲಿ ತ್ರಿವೇಣಿಯವರು ಹೆಣ್ಣುಮಗುವಿಗೆ ಜನ್ಮ ನೀಡಿದರು. ಹೆರಿಗೆಯಾದ ಹತ್ತು ದಿನಗಳಲ್ಲಿ, ದಿನಾಂಕ 29-7-1963ರಂದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಲುಕಿ ನಿಧನರಾದರು. ಆಗ ಅವರಿಗೆ 35 ವರ್ಷ ತುಂಬಲು ಒಂದು ತಿಂಗಳಿಗೆ ಸ್ವಲ್ಪ ಹೆಚ್ಚು ಉಳಿದಿತ್ತು. ಬಾಣಂತಿಯ ಕಷ್ಟವನ್ನು ಅಷ್ಟೊಂದು ಸಮೀಪದಿಂದ ಚಿತ್ರಿಸಿದವರು ಬಾಣಂತನದಲ್ಲಿಯೇ ತೀರಿಕೊಂಡರು. ಅವರ ಕೊನೆಯ ಕಾದಂಬರಿಯ ಹೆಸರು ಅವಳ ಮಗಳು. ಅವರು ವಾಸವಾಗಿದ್ದ ಮೈಸೂರಿನ ಚಾಮರಾಜಪುರಂ ಮನೆಯನ್ನು ಮುಂದೆ ಅವರ ಸ್ಮಾರಕ ವಸ್ತುಸಂಗ್ರಹಾಲಯವನ್ನಾಗಿ ರೂಪಿಸಲಾಯಿತು.