ಎಲ್ಲಿ ಎಳೀಬೇಕು, ಎಲ್ಲಿ ಮುಗಿಸ್ಬೇಕು: ಒಸಾಮು ತೆಜುಕಾ

ಡಿಗ್ರಿ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಅನ್ನೋ ಪಾಡು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಜಪಾನಿನ ಒಸಾಮು ತೆಜುಕಾ ಅವರದ್ದೂ ಅದೇ ಕಥೆ. ಒಸಾಕಾದಲ್ಲಿ ಮೆಡಿಕಲ್ ಓದ್ತಾನೇ ಕಾಮಿಕ್ಸ್ ಬರೆದವರು ಅವರು.

ತೆಜುಕಾ ಹುಟ್ಟಿದ್ದು 1928ರಲ್ಲಿ. ಮನೆಯಲ್ಲಿ ಅಪ್ಪನ ಸಿನಿಮಾ ಪ್ರೊಜೆಕ್ಟರ್ ಇತ್ತು. ಹುಡುಗ ಸಿನಿಮಾ ನೋಡ್ತಾ ಬೆಳೆದ. 1947ರಲ್ಲಿ ಸಕಾಯ್ ಶಿಚಿಮಾ ಅವರ ಜೊತೆ 'ಶಿನ್ ತಕಾರಾಜಿಮಾ' ಪುಸ್ತಕ ತಂದರು. ಶುರುವಿನಲ್ಲೇ ಒಬ್ಬ ಹುಡುಗ ಕಾರಿನಲ್ಲಿ ಬಂದರಿಗೆ ಧಾವಿಸುತ್ತಾನೆ. ಒಂದೇ ಚಿತ್ರದಲ್ಲಿ ಮುಗಿಸಬಹುದಿದ್ದ ಸಂಗತಿ ಅದು. ತೆಜುಕಾ ಅದನ್ನು ಪುಟದಿಂದ ಪುಟಕ್ಕೆ ಎಳೆದರು. ದೂರದಿಂದ, ಹತ್ತಿರದಿಂದ, ಎದುರಿನಿಂದ ತೋರಿಸಿದರು. ಕಥೆ ಮುಂದೆ ಹೋಗಲಿಲ್ಲ, ಆದ್ರೆ ಓದುಗರಿಗೆ ವೇಗ ಗೊತ್ತಾಯಿತು. ಆ ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು.

ಮೆಡಿಕಲ್ ಮುಗಿಸಿದರೂ ಅವರು ಹಿಡಿದದ್ದು ಪೆನ್ನನ್ನೇ. 1952ರಲ್ಲಿ 'ಆಸ್ಟ್ರೋ ಬಾಯ್' ಶುರುವಾಯಿತು. ಆದರೆ 1970ರ ಹೊತ್ತಿಗೆ ಹೊಸ ತಲೆಮಾರಿನವರು ಬಂದಿದ್ದರು. ತೆಜುಕಾ ಕಾಲ ಮುಗೀತು ಅನ್ನೋ ಮಾತು ಹಬ್ಬಿತ್ತು. ಆಗ 1973ರಲ್ಲಿ ಬಂದದ್ದು 'ಬ್ಲ್ಯಾಕ್ ಜ್ಯಾಕ್', ಲೈಸೆನ್ಸ್ ಇಲ್ಲದ ಸರ್ಜನ್ ಒಬ್ಬನ ಕಥೆಗಳು. ಸಾಮಾನ್ಯವಾಗಿ ಒಂದೊಂದು ಕಥೆಗೂ ಇಪ್ಪತ್ತರ ಆಸುಪಾಸು ಪುಟ. ಅಷ್ಟರಲ್ಲೇ ರೋಗಿ, ಅವನ ಬದುಕು, ಆಪರೇಷನ್, ಕೊನೆಗೊಂದು ತಿರುವು. ವಾರದ ಪತ್ರಿಕೆಯಲ್ಲಿ ಒಂದು ಚೌಕವನ್ನೂ ದಂಡ ಮಾಡೋ ಹಾಗಿರಲಿಲ್ಲ. ಕಾಲೇಜಿನಲ್ಲಿ ಕಲಿತ ವೈದ್ಯವೂ ಇಲ್ಲಿ ಕೆಲಸಕ್ಕೆ ಬಂತು.

ಅದೇ ವರ್ಷಗಳಲ್ಲಿ ಅದೇ ಕೈ 'ಬುದ್ಧ'ವನ್ನೂ ಬರೀತಿತ್ತು. 1972ರಿಂದ 1983ರವರೆಗೆ, ಸಾವಿರಾರು ಪುಟ. ಮೊದಲ ಸಂಪುಟ ಓದೋಕೆ ಕೂತರೆ ಸಿದ್ಧಾರ್ಥನಿಗಾಗಿ ಕಾಯ್ತಾನೇ ಇರ್ಬೇಕು. ಬದಲಿಗೆ ಸಿಗೋದು ಗುಲಾಮ ಹುಡುಗ ಚಪ್ರ, ಅವನ ತಾಯಿ, ಪುಟ್ಟ ಕಳ್ಳ ತತ್ತ. ಇದು ಸುಮ್ಮನೆ ಎಳೆದದ್ದಾ? ಅಲ್ಲ. ಆ ದುಃಖವನ್ನೆಲ್ಲ ನಾವು ಮೊದಲು ನೋಡಿರದಿದ್ದರೆ, ರಾಜಕುಮಾರ ಅರಮನೆ ಬಿಟ್ಟು ಯಾಕೆ ಹೊರಟ ಅನ್ನೋದು ನಮಗೆ ತಟ್ಟುತ್ತಿರಲಿಲ್ಲ.

1989ರ ಫೆಬ್ರವರಿ 9ರಂದು, 60ನೇ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರಿನಿಂದ ತೆಜುಕಾ ತೀರಿಕೊಂಡರು. ಬರೆದ ಪುಟ ಸುಮಾರು ಒಂದೂವರೆ ಲಕ್ಷ. ಆದರೂ 1950ರ ದಶಕದಿಂದ ಜೊತೆಗಿಟ್ಟುಕೊಂಡು ಬಂದ 'ಫೀನಿಕ್ಸ್' ಮುಗಿಯಲೇ ಇಲ್ಲ. ಒಬ್ಬ ರೋಗಿಯ ಬದುಕನ್ನ ಇಪ್ಪತ್ತು ಪುಟದಲ್ಲಿ ಹಿಡಿದವರಿಗೆ ಆ ಕಥೆಯ ಕೊನೆಗೆ ಬೇಕಾದಷ್ಟು ದಿನ ಸಿಗಲಿಲ್ಲ.

ನಮ್ಮಲ್ಲಿ ಕಾಮಿಕ್ಸ್ ಬರೆಯೋರು ಇದ್ದರೆ, 'ಬ್ಲ್ಯಾಕ್ ಜ್ಯಾಕ್'ನ ಒಂದು ಕಥೆ, 'ಬುದ್ಧ'ದ ಮೊದಲ ಸಂಪುಟ, ಎರಡನ್ನೂ ಒಟ್ಟಿಗೆ ಓದಿ ನೋಡಿ.